ಮುತ್ತಾತ ಯಾವ ಪಲ್ಟನ್ನಿನಲ್ಲಿದ್ದರು? ವಂಶದ ಬೇರು ಹುಡುಕುವುದು ಹೀಗೆ

ಹಾಸನದ ಕಡೆ ಯಾವ ಊರಿಗೆ ಹೋದರೂ 'ನಮ್ಮ ತಾತ ಮಿಲ್ಟ್ರಿಯಲ್ಲಿದ್ರು', 'ನಾವು ಮೂಲದಲ್ಲಿ ಈ ಊರಿನವರಲ್ಲ' ಅನ್ನುವ ಒಂದು ಮನೆಯಾದರೂ ಸಿಗುತ್ತದೆ. ಯಾವ ಪಲ್ಟನ್, ಯಾವ ಊರಿಂದ ಬಂದದ್ದು ಅಂತ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇದನ್ನು ಹುಡುಕಬಹುದು. ದುಡ್ಡು ಜಾಸ್ತಿ ಬೇಡ, ತಾಳ್ಮೆ ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರೀ ಹೆಸರು ಹಿಡಿದುಕೊಂಡು ಹೊರಡಬೇಡಿ. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ, ದೊಡ್ಡಪ್ಪನ ಮಗನಿಗೂ ಅದೇ ಹೆಸರು, ಚಿಕ್ಕಪ್ಪನ ಮಗನಿಗೂ ಅದೇ ಹೆಸರು, ಹೀಗಾಗಿ ಒಂದೇ ಬೀದಿಯಲ್ಲಿ ಮೂವರು ತಿಮ್ಮೇಗೌಡರು ಇರುತ್ತಾರೆ. ಊರು, ಸರ್ವೆ ನಂಬರು, ಮನೆದೇವರು, ಸೈನ್ಯದ ನಂಬರು, ಈ ನಾಲ್ಕನ್ನು ಹಿಡಿಯಿರಿ. ಯಾವ ತಿಮ್ಮೇಗೌಡ ಅನ್ನುವುದು ಆಗ ಗೊತ್ತಾಗುತ್ತದೆ.

ಮನೆಯ ಹಿರಿಯರಿಂದ ಶುರು ಮಾಡಿ

ಕಚೇರಿಗಳು ನಾಳೆಯೂ ಇರುತ್ತವೆ. ಎಂಬತ್ತು ದಾಟಿದ ಅಜ್ಜಿ ಇರುವಾಗಲೇ ಕೂತು ಮಾತಾಡಿ. ಪಿತೃಪಕ್ಷದಲ್ಲಿ ಎಡೆ ಇಡುವ ದಿನ ಇದಕ್ಕೆ ಒಳ್ಳೆಯದು. ನೆಂಟರೆಲ್ಲ ಸೇರಿರುತ್ತಾರೆ, ಯಾರ ಯಾರ ಹೆಸರಲ್ಲಿ ಎಡೆ ಇಡುತ್ತಿದ್ದಾರೆ ಅನ್ನುವುದೇ ಒಂದು ಪಟ್ಟಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕೇಳಿಯೇ ಮಾಡಿ.

ಪ್ರಶ್ನೆ ಕೇಳುವುದರಲ್ಲೂ ಒಂದು ರೀತಿ ಇದೆ. 'ಅಜ್ಜಿ, ತಾತ ಯಾವ ರೆಜಿಮೆಂಟು?' ಅಂದರೆ ಪಾಪ ಅವರಿಗೇನು ಗೊತ್ತು. 'ಮನಿಯಾರ್ಡರ್ ಎಲ್ಲಿಂದ ಬರ್ತಿತ್ತು? ರಜಕ್ಕೆ ಬಂದಾಗ ಯಾವ ಸ್ಟೇಷನ್‌ನಲ್ಲಿ ಇಳೀತಿದ್ರು? ಪಿಂಚಣಿ ತಗೊಳ್ಳೋಕೆ ಎಲ್ಲಿಗೆ ಹೋಗ್ತಿದ್ರು? ರೋಡು, ಸೇತುವೆ ಕಟ್ತಿದ್ವಿ ಅಂತಿದ್ರಾ, ಲಾರಿ ಓಡಿಸ್ತಿದ್ರಾ?' ಅಂತ ಕೇಳಿ. ಸೇತುವೆ ಕಟ್ಟುತ್ತಿದ್ದರು ಅಂದರೆ ಮದ್ರಾಸ್ ಸ್ಯಾಪರ್ಸ್ ಇರಬಹುದು. ಲಾರಿ, ರೇಷನ್ನು ಅಂದರೆ ಆರ್ಮಿ ಸರ್ವಿಸ್ ಕೋರ್ ಇರಬಹುದು. ಇದು ಬರೀ ಊಹೆ, ಆದರೂ ಮೊದಲು ಯಾವ ಬಾಗಿಲು ತಟ್ಟಬೇಕು ಅನ್ನುವುದು ತಿಳಿಯುತ್ತದೆ.

ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ, ಇಲ್ಲವೇ ಬರ, ಕಾಯಿಲೆ ಹೇಳುತ್ತಾರೆ. 'ಧಾತು ಬರದಲ್ಲಿ ಈ ಊರಿಗೆ ಬಂದ್ವಂತೆ' ಅಂದರೆ ಅದು 1876-77. ಕಾಳಯುಕ್ತಿ ಅಂದರೆ 1918-19, ಇನ್‌ಫ್ಲುಯೆಂಜಾ ಜ್ವರದ ವರ್ಷ. ಚಿತ್ರಭಾನು 1942-43, ಎರಡನೇ ಮಹಾಯುದ್ಧದ ನಡುಮಧ್ಯ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಧಾತು 1936-37ರಲ್ಲೂ ಬಂದಿತ್ತು. ಹೇಳುವವರ ವಯಸ್ಸು, ಅವರ ಅಪ್ಪನ ವಯಸ್ಸು ಹಾಕಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಟ್ರಂಕು ತೆಗೆಯಿರಿ

ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಸೈನ್ಯದ ನಂಬರು, ದರ್ಜೆ, ಕೆಲಸ, ಸೇರಿದ ದಿನ, ಊರು, ತಾಲ್ಲೂಕು, ಮೈಮೇಲಿನ ಮಚ್ಚೆಗುರುತು ಸಹ ಅದರಲ್ಲಿ ಇರುತ್ತದೆ. ಪಿಂಚಣಿ ಆದೇಶ ಸಿಕ್ಕರೂ ಸಾಕು.

ಬರೀ ಪದಕ ಸಿಕ್ಕಿದರೆ? ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಲು ಹೋಗಬೇಡಿ, ಬೂದಿಯನ್ನಂತೂ ಮುಟ್ಟಿಸಲೇಬೇಡಿ. ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಕತ್ತಲ ಕೋಣೆಗೆ ಒಯ್ದು, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಪದಕದ ಅಂಚನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ. ಮುಖದ ಮೇಲಲ್ಲ, ಅಂಚಿನಲ್ಲಿ, ನಾಣ್ಯಕ್ಕೆ ಗೀರು ಇರುವ ಜಾಗದಲ್ಲಿ. ಮೊದಲ ಮಹಾಯುದ್ಧದಲ್ಲಿ ಭಾರತದ ಸೈನಿಕರಿಗೆ ಕೊಟ್ಟ ಬೆಳ್ಳಿ ಪದಕದ ಅಂಚಿನಲ್ಲಿ ನಂಬರು, ದರ್ಜೆ, ಹೆಸರು, ಪಲ್ಟನ್ನು ಕೆತ್ತಿರುತ್ತಾರೆ. ಸ್ವಾತಂತ್ರ್ಯದ ನಂತರದ ಪದಕಗಳಲ್ಲೂ ಹಾಗೇ. ಇಂಗ್ಲಿಷ್ ಅಕ್ಷರ ಸವೆದಿದ್ದರೆ ನಾಲ್ಕು ಕಡೆಯಿಂದ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಆ ನಂಬರು ಅದೇ ಪಲ್ಟನ್ನಿನ ಇನ್ನೊಬ್ಬ ತಿಮ್ಮೇಗೌಡನಿಗೆ ಇರುವುದಿಲ್ಲ, ಅದಕ್ಕೇ ಅದು ಮುಖ್ಯ.

ಸೈನ್ಯದ ದಾಖಲೆ

ನಮ್ಮ ಕಡೆಯವರು ಸೇರಿದ್ದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು ಮೈಸೂರು ಮಹಾರಾಜರ ಸೈನ್ಯ, ಇನ್ನೊಂದು ಬ್ರಿಟಿಷರ ಭಾರತೀಯ ಸೈನ್ಯ. ಇದನ್ನು ಬೇರೆ ಮಾಡಿಕೊಳ್ಳದೆ ಹುಡುಕಿದರೆ ಸುಮ್ನೆ ಅಲೆದಾಟ.

ಮಹಾರಾಜರ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದಿತು. ಒಂದನೇ ಮೈಸೂರು ಇನ್‌ಫೆಂಟ್ರಿ ಎರಡನೇ ಯುದ್ಧದಲ್ಲಿ ಸಿಂಗಪುರದಲ್ಲಿತ್ತು, 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಅದರವರು ಜಪಾನಿಗಳ ಸೆರೆಯಾದರು. 'ತಾತ ಜಪಾನಿಯವರ ಜೈಲಲ್ಲಿದ್ರು' ಅನ್ನುವ ಮಾತು ನಿಮ್ಮ ಮನೆಯಲ್ಲಿದ್ದರೆ ಇದನ್ನು ನೆನಪಿಡಿ. ಆ ಪಡೆ ಆಮೇಲೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ರಾಜರ ಕಾಲದ ಸರ್ಕಾರಿ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ನೋಡಿ, ಬೆಂಗಳೂರಿನಲ್ಲಿ ಇದೆ, ಮೈಸೂರಿನಲ್ಲಿ ವಿಭಾಗೀಯ ಕಚೇರಿ ಇದೆ.

ಭಾರತೀಯ ಸೈನ್ಯದಲ್ಲಿ ಒಂದೊಂದು ರೆಜಿಮೆಂಟಿಗೂ ಒಂದೊಂದು ರೆಕಾರ್ಡ್ಸ್ ಕಚೇರಿ. ಮದ್ರಾಸ್ ಸ್ಯಾಪರ್ಸ್‌ದು ಬೆಂಗಳೂರಿನಲ್ಲಿ, ಪಯೋನಿಯರ್ ಕೋರ್‌ದೂ ಅಲ್ಲೇ, ಮದ್ರಾಸ್ ರೆಜಿಮೆಂಟ್‌ದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ. ಕಾಗದ ಬರೆಯುವಾಗ ನಂಬರು, ಹೆಸರು, ಅಪ್ಪನ ಹೆಸರು, ಊರು, ಹಳೇ ತಾಲ್ಲೂಕು, ನೀವು ಅವರಿಗೆ ಏನಾಗಬೇಕು ಅನ್ನುವುದಕ್ಕೆ ದಾಖಲೆ, ಎಲ್ಲ ಸೇರಿಸಿ. ಹಳೇ ಕಡತ ಸಿಗಲಿಲ್ಲ ಅಂತ ಉತ್ತರ ಬಂದರೆ 'ಲಾಂಗ್ ರೋಲ್ ನೋಡಿ ತಿಳಿಸಿ' ಅಂತ ಇನ್ನೊಮ್ಮೆ ಬರೆಯಿರಿ. ಲಾಂಗ್ ರೋಲ್ ಅಂದರೆ ಸೈನ್ಯಕ್ಕೆ ಸೇರಿದವರ ಹೆಸರು ಬರೆದ ದೊಡ್ಡ ಪುಸ್ತಕ. ಕಾಗದ ಬರೆಯುವುದು ಹೇಗೆ ಅಂತ ತಿಳಿಯದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಯುದ್ಧಕ್ಕೆ ಹೋದವರು ವಾಪಸ್ ಬರಲೇ ಇಲ್ಲವಾ? ಹಾಗಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣ ನೋಡಿ. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ವಿವರ ಅಲ್ಲಿ ಪುಕ್ಕಟೆ ಸಿಗುತ್ತದೆ. ಹೆಸರಿನ ಜಾಗದಲ್ಲಿ ತಿಮ್ಮೇಗೌಡ ಅಂತ ಹಾಕಿ ಕೂತರೆ ಆಗುವುದಿಲ್ಲ, ಯಾಕಂದರೆ ಬರೆದುಕೊಂಡ ಗುಮಾಸ್ತ ಅದನ್ನು ಹತ್ತು ಥರ ಬರೆದಿರುತ್ತಾನೆ. ಹೆಚ್ಚುವರಿ ಮಾಹಿತಿ ಅನ್ನುವ ಜಾಗದಲ್ಲಿ ಹಾಸನ, ಅರಸೀಕೆರೆ, ಬೇಲೂರು ಅಂತ ಊರಿನ ಹೆಸರು ಹಾಕಿ ಹುಡುಕಿ. ಎರಡನೇ ಯುದ್ಧದ ಎಷ್ಟೋ ನಮೂದುಗಳಲ್ಲಿ ಅಪ್ಪ, ಅಮ್ಮ, ಹೆಂಡತಿ, ಊರು ಎಲ್ಲ ಇರುತ್ತದೆ. ಊರಿನ ಯಾವ ಕಾಗದದಲ್ಲೂ ಇರದ ಮುತ್ತಜ್ಜಿಯ ಹೆಸರು ರಂಗೂನಿನ ಸ್ಮಾರಕದ ದಾಖಲೆಯಲ್ಲಿ ಸಿಗುವ ಸಾಧ್ಯತೆ ಇದೆ.

ಜಮೀನಿನ ಕಾಗದ

ನನ್ನ ಮಟ್ಟಿಗೆ ವಂಶ ಹುಡುಕಲು ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. ಈಗಿನ ಪಹಣಿಯಿಂದ ಸರ್ವೆ ನಂಬರು ಹಿಡಿದು ಹಿಂದಕ್ಕೆ ಹೋಗಿ. ಮ್ಯುಟೇಷನ್ (ಖಾತೆ ಬದಲಾದ ದಾಖಲೆ), ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್, ಹೀಗೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಿ ದೃಢೀಕೃತ ನಕಲು ತಗೊಳ್ಳಿ. ಪವತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ, ಆಗಿದ್ದರೆ ಆ ಕಡತದಲ್ಲಿ ವಂಶವೃಕ್ಷ ಇರುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಪಾಲುಪಟ್ಟಿಯಲ್ಲಿ ಅಣ್ಣತಮ್ಮಂದಿರೆಲ್ಲ ಸಾಲಾಗಿ ಬರುತ್ತಾರೆ.

'ತಿಮ್ಮೇಗೌಡ ಬಿನ್ ಕಾಳೇಗೌಡ' ಅಂದರೆ ಕಾಳೇಗೌಡರ ಮಗ. ಹೆಂಗಸರ ಹೆಸರಿನ ಮುಂದೆ 'ಕೋಂ' (ಇಂಥವರ ಹೆಂಡತಿ) ಇದ್ದರೆ ಸಾಮಾನ್ಯವಾಗಿ ಗಂಡ ಇದ್ದಾರೆ, 'ಬೇವಾ' ಇದ್ದರೆ ಗಂಡ ತೀರಿಕೊಂಡಿದ್ದಾರೆ. ಇದೊಂದು ಗೊತ್ತಿದ್ದರೆ ಸಾವಿನ ದಾಖಲೆ ಇಲ್ಲದಿದ್ದರೂ ಯಾವ ವರ್ಷಗಳ ನಡುವೆ ತೀರಿಕೊಂಡರು ಅಂತ ಹೇಳಬಹುದು. ಸೈನಿಕರ ಮನೆಯವರು ಸಾಗುವಳಿ ಚೀಟಿ (ಸರ್ಕಾರ ಜಮೀನು ಮಂಜೂರು ಮಾಡಿದ ಪತ್ರ) ಹುಡುಕಿ. ಮಿಲಿಟರಿಯವರಿಗೆ ಅಂತ ಮಂಜೂರಾದ ಜಮೀನಾದರೆ ಆ ಮಂಜೂರಾತಿ ಕಡತದಲ್ಲಿ ಸೇವೆಯ ವಿವರ ಸಿಗಬಹುದು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಮನೆತನದವರಿಗೆ ಬರಾವರ್ದು ಪುಸ್ತಕ (ಊರಿನ ಹುದ್ದೆದಾರರ ದಾಖಲೆ) ಇದೆ. ಈ ಹುದ್ದೆಗಳು ರದ್ದಾದದ್ದು 1961ರ ಕಾಯ್ದೆಯಿಂದ, ಆಮೇಲೆ ಇನಾಮು ಜಮೀನು ಮರುಮಂಜೂರಾದ ಕಡತಗಳಲ್ಲೂ ವಂಶಾವಳಿ ಇರುತ್ತದೆ. ಹಳೇ ಕಾಗದದಲ್ಲಿ ಸಕಲೇಶಪುರ ತಾಲ್ಲೂಕು ಮಂಜರಾಬಾದ್ ಅಂತ ಇರುತ್ತದೆ, ಚಿಕ್ಕಮಗಳೂರು ಜಿಲ್ಲೆ ಕಡೂರು ಜಿಲ್ಲೆ ಅಂತ ಇರುತ್ತದೆ. ಗಾಬರಿ ಬೇಡ.

ಬಂದ ಊರು ಯಾವುದು?

ಮನೆದೇವರನ್ನು ಕೇಳಿ. ಊರು ಬಿಟ್ಟರೂ ನಮ್ಮ ಜನ ಮನೆದೇವರನ್ನು ಬಿಡುವುದಿಲ್ಲ, ಮಗುವಿನ ಮುಡಿ ಕೊಡುವುದಕ್ಕೆ ಅಲ್ಲಿಗೇ ಹೋಗುತ್ತಾರೆ. ಆ ದೇವಸ್ಥಾನದ ಪೂಜಾರಿಗಳ ಹತ್ತಿರ ಯಾವ ಯಾವ ಊರಿನ ಒಕ್ಕಲು ಬರುತ್ತಾರೆ ಅಂತ ವಿಚಾರಿಸಿದರೆ ಕಳೆದುಹೋದ ದಾಯಾದಿಗಳು ಸಿಗುತ್ತಾರೆ. ತಿರುಪತಿ, ಧರ್ಮಸ್ಥಳದಂಥ ದೊಡ್ಡ ಕ್ಷೇತ್ರ ಆದರೆ ಇದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ, ಸಣ್ಣ ಊರಿನ ಅಮ್ಮನೋ ಭೈರವನೋ ಆದರೆ ಬಹಳ ಉಪಯೋಗ. ಬೆಡಗು (ಕುಲದೊಳಗಿನ ಬಳಿ) ಯಾವುದು ಅಂತಲೂ ಬರೆದಿಟ್ಟುಕೊಳ್ಳಿ.

ಇನ್ನು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು ಮನೆಯ ಮುಂದೆ ವಂಶಾವಳಿ ಹಾಡುವವರನ್ನು ನೀವೂ ನೋಡಿರುತ್ತೀರಿ. ಕಾಳು ಕೊಟ್ಟು ಕಳಿಸಿಬಿಡುತ್ತೇವೆ, ಅಲ್ವಾ? ಅವರ ಪುಸ್ತಕದಲ್ಲಿ ನಿಮ್ಮ ಮನೆತನದ ಪುಟ ಇರಬಹುದು. ಕೂರಿಸಿ, ಊಟ ಹಾಕಿ, ಒಪ್ಪಿಗೆ ಕೇಳಿ ಪುಟದ ಫೋಟೊ ತೆಗೆದುಕೊಳ್ಳಿ, ಅವರ ಊರು, ಫೋನ್ ನಂಬರು ಬರೆದುಕೊಳ್ಳಿ. ಅವರ ತಾತ ನಿಮ್ಮ ತಾತನ ಹೆಸರನ್ನು ಜೋಪಾನ ಮಾಡಿದ್ದಕ್ಕೆ ಕೈತುಂಬ ಕೊಡಿ. ತೀರಾ ಮೇಲಿನ ತಲೆಮಾರುಗಳಲ್ಲಿ ಪುರಾಣ ಬೆರೆತಿರುತ್ತದೆ. ಕೆಳಗಿನ ತಲೆಮಾರುಗಳನ್ನು ಜಮೀನಿನ ಕಾಗದದ ಜೊತೆ ಇಟ್ಟು ನೋಡಿ.

ಕಾಫಿ ತೋಟಕ್ಕೆ ಘಟ್ಟದ ಕೆಳಗಿಂದ, ತಮಿಳು ಸೀಮೆಯಿಂದ ಬಂದ ಕುಟುಂಬಗಳಿಗೆ ಇಲ್ಲಿ ಹಳೇ ಪಹಣಿ ಇರುವುದಿಲ್ಲ. ಅವರು ತೋಟದ ಚೆಕ್‌ರೋಲು (ಆಳುಗಳ ಹಾಜರಿ, ಕೂಲಿ ಪುಸ್ತಕ), ಕರೆದುಕೊಂಡು ಬಂದ ಮೇಸ್ತ್ರಿಯ ಊರು, ಮಕ್ಕಳನ್ನು ಸೇರಿಸಿದ ಮೊದಲ ಶಾಲೆಯ ದಾಖಲಾತಿ ಪುಸ್ತಕ ನೋಡಬೇಕು. ಕ್ರೈಸ್ತರಾದರೆ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಇವೆ. ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಊರು ಬಿಟ್ಟವರಿಗೆ ಮುಳುಗಡೆ ಪ್ರಮಾಣಪತ್ರ, ಭೂಸ್ವಾಧೀನದ ಕಡತ ಇದ್ದೇ ಇರುತ್ತದೆ. ನೀರಿನಡಿ ಹೋದ ಜಮೀನಿನ ಸರ್ವೆ ನಂಬರು ಅದರಲ್ಲಿದೆ.

ಬರೆದಿಡುವುದು

ಪ್ರತಿಯೊಬ್ಬರಿಗೂ ಒಂದು ಪುಟ. ಹೆಸರು, ಅಡ್ಡಹೆಸರು, ಹುಟ್ಟಿದ ಊರು, ಮದುವೆಯಾಗಿ ಹೋದ ಊರು, ಯಾವ ಕಾಗದದಲ್ಲಿ ಸಿಕ್ಕಿತು. ಬಾಯಿಮಾತಿನದ್ದನ್ನು ಪೆನ್ಸಿಲಿನಲ್ಲಿ, ಕಾಗದದಲ್ಲಿ ನೋಡಿದ್ದನ್ನು ಪೆನ್ನಿನಲ್ಲಿ ಬರೆಯಿರಿ. ಹೆಣ್ಣುಮಕ್ಕಳನ್ನು ಬಿಡಬೇಡಿ. ವಂಶವೃಕ್ಷದಲ್ಲಿ ಗಂಡು ಸಾಲು ಮಾತ್ರ ಬರೆಯುವ ಅಭ್ಯಾಸ ಕೆಟ್ಟದ್ದು, ಅದರಿಂದ ಅರ್ಧ ಕುಟುಂಬವೇ ಕಾಣೆಯಾಗುತ್ತದೆ. ದತ್ತು, ಎರಡನೇ ಮದುವೆ, ಜಗಳದ ವಿಷಯ ಸಿಕ್ಕರೆ ಬದುಕಿರುವವರನ್ನು ಕೇಳದೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಎಲ್ಲ ಆದಮೇಲೆ ಮೂರು ನಕಲು ತೆಗೆಸಿ, ಒಂದು ಊರಿನ ಮನೆಯಲ್ಲಿ, ಒಂದು ನಿಮ್ಮಲ್ಲಿ, ಇನ್ನೊಂದು ಬೇರೆ ಊರಿಗೆ ಕೊಟ್ಟ ಹೆಣ್ಣುಮಗಳ ಮನೆಯಲ್ಲಿ ಇಡಿ.