ಅಲಾರಂ ಕೂಗಿದರೆ ಸಾಲದು, ಎಲ್ಲಿ ಅಂತ ಹೇಳಬೇಕು

ಕಳೆದ ಮಳೆಗಾಲದ ಒಂದು ರಾತ್ರಿ ಮಂಗಳೂರು ಬಿಜೈಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫೈರ್ ಅಲಾರಂ ಕೂಗಿತು. ವಾಚ್‌ಮನ್, ಅಲಾರಂ ಎಲ್ಲಿಂದ ಬಂತು ಅಂತ ತೋರಿಸುವ ಪ್ಯಾನೆಲ್ ಹತ್ತಿರ ಓಡಿದರು. ಅದರಲ್ಲಿ ಕಂಡದ್ದು ಇಷ್ಟೇ: ಲೂಪ್ 1, ಡಿಟೆಕ್ಟರ್ 037. ಡಿಟೆಕ್ಟರ್ ಅಂದರೆ ಹೊಗೆ ಅಥವಾ ಬಿಸಿಯನ್ನು ಗುರುತಿಸುವ ಸಾಧನ, ಲೂಪ್ ಅಂದರೆ ಅವನ್ನೆಲ್ಲ ಪ್ಯಾನೆಲ್‌ಗೆ ಜೋಡಿಸುವ ವಯರಿನ ಸುತ್ತು. ಈ 037 ಎಲ್ಲಿ ಉಂಟು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮಹಡಿ ಮಹಡಿ ಹತ್ತಿ ಹುಡುಕಿದೆವು. ಕೊನೆಗೆ ಹೊಗೆ ಸಿಕ್ಕಿದ್ದು ಮೂರನೇ ಮಹಡಿಯ ಮೀಟರ್ ರೂಮಿನಲ್ಲಿ, ಒಂದು ವಯರ್ ಬಿಸಿಯಾಗಿ ಕರಗುತ್ತಿತ್ತು. ದೊಡ್ಡ ಅನಾಹುತ ಆಗಲಿಲ್ಲ, ಆದರೆ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗಿತ್ತು. ಅಲ್ಲಿಂದ ನಾನು ಈ ಸಿಸ್ಟಮ್ ಅನ್ನು ಕೂತು ಕಲಿತೆ. ವಯರಿಂಗ್ ಕೆಲಸ ಗೊತ್ತಿರುವ ಟೆಕ್ನಿಷಿಯನ್ನೇ ಮಾಡಲಿ, ಆದರೆ ಪಕ್ಕದಲ್ಲಿ ನಿಂತು ನೋಡುವವರು ಅಸೋಸಿಯೇಷನ್‌ನ ಒಬ್ಬರಾದರೂ ಇರಬೇಕು.

ಮೊದಲು ಪ್ಯಾನೆಲ್ ಯಾವ ತರಹದ್ದು ಅಂತ ನೋಡಿ. ಕನ್ವೆನ್ಷನಲ್ ಆದರೆ ಝೋನ್ ಮಾತ್ರ ತೋರಿಸುತ್ತದೆ, ಅಂದರೆ ಎರಡನೇ ಮಹಡಿಯಲ್ಲಿ ಎಲ್ಲೋ ಅನ್ನುವಷ್ಟೇ. ಅಡ್ರೆಸೆಬಲ್ ಆದರೆ ಪ್ರತಿ ಡಿಟೆಕ್ಟರಿಗೂ, ಬೆಂಕಿ ಕಂಡವರು ಒತ್ತುವ ಗೋಡೆಯ ಕೆಂಪು ಕಾಲ್ ಪಾಯಿಂಟಿಗೂ ಒಂದೊಂದು ನಂಬರ್ ಇರುತ್ತದೆ. ಆ ನಂಬರನ್ನು ಡಿಟೆಕ್ಟರಿನ ಸಣ್ಣ ಸ್ವಿಚ್‌ಗಳಲ್ಲಿ ಅಥವಾ ಕೈಯಲ್ಲಿ ಹಿಡಿಯುವ ಪ್ರೋಗ್ರಾಮರಿನಲ್ಲಿ ಸೆಟ್ ಮಾಡುತ್ತಾರೆ. ಆಮೇಲೆ ಆಟೋ ಲರ್ನ್ ಕೊಟ್ಟರೆ ಲೂಪಿನಲ್ಲಿ ಸಿಕ್ಕಿದ್ದನ್ನೆಲ್ಲ ಪ್ಯಾನೆಲ್ ತಾನೇ ಪಟ್ಟಿ ಮಾಡಿಕೊಳ್ಳುತ್ತದೆ. ಇಲ್ಲಿ ಒಂದು ಕೆಲಸ ಮಾಡಿ. ಕಟ್ಟಡವನ್ನೆಲ್ಲ ಸುತ್ತಿ ಡಿಟೆಕ್ಟರ್, ಕಾಲ್ ಪಾಯಿಂಟ್ ಎಷ್ಟಿವೆ ಅಂತ ಕೈಯಾರೆ ಎಣಿಸಿ. ನಿಮ್ಮ ಲೆಕ್ಕದಲ್ಲಿ 60 ಇದ್ದು ಪ್ಯಾನೆಲ್‌ನಲ್ಲಿ 57 ಕಂಡರೆ ಮೂರು ಸುಮ್ನೆ ಸೀಲಿಂಗಿಗೆ ಅಂಟಿಕೊಂಡು ಕೂತಿವೆ ಅಂತ ಅರ್ಥ.

ಎಷ್ಟೋ ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ, ಹೆಸರು ಹಾಕುವುದೇ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು. ಒಂದೊಂದು ನಂಬರಿಗೂ ಜಾಗದ ಹೆಸರು ಬರೆಸಿ, ಅದೂ ನಕ್ಷೆಯಲ್ಲಿ ಇರುವ ಹೆಸರಲ್ಲ, ನಿಮ್ಮ ವಾಚ್‌ಮನ್ ದಿನಾ ಬಾಯಲ್ಲಿ ಹೇಳುವ ಹೆಸರು: ಬಿ ಬ್ಲಾಕ್ 3 ಮೀಟರ್ ರೂಮ್, ಟೆರೇಸ್ ಲಿಫ್ಟ್ ರೂಮ್, ಹಿಂದಿನ ಪಾರ್ಕಿಂಗ್ ಬಾವಿ ಹತ್ತಿರ. ಪ್ಯಾನೆಲ್‌ನಲ್ಲಿ ಜಾಗ ಕಡಿಮೆ, ಹಾಗಾಗಿ ಚಿಕ್ಕದಾಗಿರಲಿ. ಅದು ಇಂಗ್ಲಿಷ್ ಅಕ್ಷರ ಮಾತ್ರ ತೋರಿಸುವುದಾದರೆ ಪೂರ್ತಿ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿ, ಲ್ಯಾಮಿನೇಟ್ ಹಾಕಿಸಿ ಪಕ್ಕದಲ್ಲೇ ನೇತುಹಾಕಿ. ಕನ್ನಡ ಓದಲು ಬಾರದವರು ಡ್ಯೂಟಿಯಲ್ಲಿದ್ದರೆ ಅವರಿಗೆ ಬರುವ ಭಾಷೆಯಲ್ಲೂ ಒಂದು ಇರಲಿ.

ಕನ್ವೆನ್ಷನಲ್ ಪ್ಯಾನೆಲ್ ಇರುವವರು ಇನ್ನೊಂದನ್ನು ನೋಡಲೇಬೇಕು. ಪ್ರತಿ ಝೋನಿನ ಕೊನೆಯ ಡಿಟೆಕ್ಟರಿನಲ್ಲಿ ಒಂದು ಸಣ್ಣ ರೆಸಿಸ್ಟರ್ ಇರುತ್ತದೆ. ಮಧ್ಯದಲ್ಲಿ ವಯರ್ ಕಟ್ಟಾದರೆ ಪ್ಯಾನೆಲ್‌ಗೆ ಗೊತ್ತಾಗುವುದೇ ಅದರಿಂದ. ಫಾಲ್ಟ್ ಹುಡುಕಲು ಬೇಜಾರಾಗಿ ಕೆಲವರು ಆ ರೆಸಿಸ್ಟರನ್ನು ಪ್ಯಾನೆಲ್ ಒಳಗೇ ಹಾಕಿಬಿಡುತ್ತಾರೆ. ಆಗ ಹೊರಗಿನ ವಯರ್ ಪೂರ್ತಿ ಇಲಿ ಕಡಿದು ಹೋಗಿದ್ದರೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಪರೀಕ್ಷೆ ಸುಲಭ: ಕೊನೆಯ ಡಿಟೆಕ್ಟರನ್ನು ತಿರುಗಿಸಿ ಬೇಸ್‌ನಿಂದ ತೆಗೆಯಿರಿ. ಪ್ಯಾನೆಲ್ ಫಾಲ್ಟ್ ತೋರಿಸದಿದ್ದರೆ ಟೆಕ್ನಿಷಿಯನ್ ಹತ್ತಿರ ಕಾರಣ ಕೇಳಿ.

ಅಡಿಗೆಮನೆಗೆ ಸ್ಮೋಕ್ ಡಿಟೆಕ್ಟರ್ ಬೇಡ, ಹೀಟ್ ಡಿಟೆಕ್ಟರ್ ಹಾಕಿಸಿ. ಬಂಗುಡೆ ಹುರಿಯುವಾಗಲೆಲ್ಲ ಅಲಾರಂ ಕೂಗಿದರೆ ಜನ ಅದನ್ನು ನಂಬುವುದನ್ನೇ ಬಿಡುತ್ತಾರೆ ಅಲ್ವಾ?

ಟೆಸ್ಟ್ ಮಾಡುವ ಹಿಂದಿನ ದಿನವೇ ಎಲ್ಲ ಮನೆಗೂ ತಿಳಿಸಿ. ವಯಸ್ಸಾದವರು, ಸಣ್ಣ ಮಕ್ಕಳು ಇರುವ ಮನೆಗೆ ಹೋಗಿ ಹೇಳಿದರೆ ಒಳ್ಳೆಯದು. ಬೆಂಕಿ ಆರಿಸುವ ನೀರಿನ ಪಂಪ್ ಅಲಾರಂಗೆ ಜೋಡಿಸಿದ್ದರೆ ಅದನ್ನು ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ. ಡಿಟೆಕ್ಟರ್ ಟೆಸ್ಟ್‌ಗೆಂದೇ ಸ್ಪ್ರೇ ಸಿಗುತ್ತದೆ, ಅದನ್ನೇ ತರಿಸಿ. ಊದುಬತ್ತಿ ಹಿಡಿದರೆ ಜಿಡ್ಡು ಒಳಗೆ ಕೂರುತ್ತದೆ. ಹೀಟ್ ಡಿಟೆಕ್ಟರಿಗೆ ಹೇರ್ ಡ್ರೈಯರ್ ಸಾಕು, ಬೆಂಕಿ ಹಿಡಿಯಬೇಡಿ. ಒಬ್ಬರು ಮೇಲೆ, ಒಬ್ಬರು ಪ್ಯಾನೆಲ್ ಹತ್ತಿರ, ಇಬ್ಬರ ಕೈಯಲ್ಲೂ ಫೋನ್. ಪ್ರತಿ ಡಿಟೆಕ್ಟರಿಗೂ ಮೂರು ನೋಡಬೇಕು: ಅದರ ಕೆಂಪು ದೀಪ ಉರಿಯಿತಾ, ಪ್ಯಾನೆಲ್‌ನಲ್ಲಿ ಸರಿಯಾದ ಹೆಸರು ಬಂತಾ, ಹೂಟರ್ (ಸೈರನ್) ಕೂಗಿತಾ. ಬಾಗಿಲು ಮುಚ್ಚಿದ ಬೆಡ್‌ರೂಮಿನಲ್ಲಿ ಮಲಗಿ ಕೇಳಿ. ನಿದ್ದೆಯಲ್ಲಿ ಇರುವವರನ್ನು ಎಬ್ಬಿಸಲು ತಲೆಯ ಹತ್ತಿರ ಸುಮಾರು 75 ಡೆಸಿಬಲ್ ಬೇಕು. ಲಿಫ್ಟನ್ನೂ ಅಲಾರಂಗೆ ಜೋಡಿಸಿದ್ದರೆ ಅದು ಕೆಳಗೆ ಬಂದು ಬಾಗಿಲು ತೆರೆದು ನಿಲ್ಲಬೇಕು.

ಕೊನೆಗೆ ವಾಚ್‌ಮನ್‌ಗೆ ಹೇಳದೆ ಒಂದು ಡಿಟೆಕ್ಟರ್ ಕೂಗಿಸಿ, ಅವರು ಪಟ್ಟಿ ನೋಡಿ ನೇರ ಆ ಜಾಗಕ್ಕೆ ಬರುತ್ತಾರಾ ನೋಡಿ. ತಡವಾದರೆ ಬೈಯಬೇಡಿ, ಹೆಸರನ್ನು ಬದಲಿಸಿ. ಹೊಗೆ ಕಂಡ ತಕ್ಷಣ 101 ಅಥವಾ 112ಕ್ಕೆ ಫೋನ್ ಮಾಡಬೇಕು, ಅಸೋಸಿಯೇಷನ್ ಅಧ್ಯಕ್ಷರನ್ನು ಕೇಳಿ ಅಲ್ಲ, ಅಂತ ಅವತ್ತೇ ಹೇಳಿಬಿಡಿ.

ಬ್ಯಾಟರಿಯನ್ನು ಮರೆಯುವವರೇ ಜಾಸ್ತಿ. ಹೆಚ್ಚಿನ ಪ್ಯಾನೆಲ್‌ನಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಕೊಡುತ್ತವೆ. ಕರೆಂಟ್ ಇಲ್ಲದೆ 24 ಗಂಟೆ ಕಾದು, ಆಮೇಲೂ ಅರ್ಧ ಗಂಟೆ ಕೂಗುವ ಶಕ್ತಿ ಇರಬೇಕು ಅನ್ನುವುದು ರೂಢಿಯ ಲೆಕ್ಕ. ಪ್ಯಾನೆಲಿನ ಮೇನ್ ಸ್ವಿಚ್ ಆಫ್ ಮಾಡಿ ಒಂದು ದಿನ ಹಾಗೇ ಬಿಟ್ಟು, ಮರುದಿನ ಹೂಟರ್ ಕೂಗಿಸಿದರೆ ಬಂಡವಾಳ ಗೊತ್ತಾಗುತ್ತದೆ. ಆ ಒಂದು ದಿನ ವಾಚ್‌ಮನ್ ಆಗಾಗ ಒಂದು ಸುತ್ತು ಹಾಕಲಿ.

ನಮ್ಮ ಕರಾವಳಿಯಲ್ಲಿ ಮಳೆ ಶುರುವಾದರೆ ಅರ್ತ್ ಫಾಲ್ಟ್, ಅಂದರೆ ವಯರಿನ ಕರೆಂಟ್ ನೆಲಕ್ಕೆ ಸೋರುವ ತೊಂದರೆ, ಬರುವುದು ಮಾಮೂಲು. ಪಾರ್ಕಿಂಗಿನ ಕಾಲ್ ಪಾಯಿಂಟ್, ಹೊರಗಿನ ಹೂಟರ್, ಜಂಕ್ಷನ್ ಬಾಕ್ಸ್ ಒಳಗೆ ನೀರು ಹೋಗಿರುತ್ತದೆ, ಉಪ್ಪು ಗಾಳಿಗೆ ಸ್ಕ್ರೂ ತುಕ್ಕು ಹಿಡಿದಿರುತ್ತದೆ, ಡಿಟೆಕ್ಟರ್ ಒಳಗೆ ಹುಳ ಸೇರಿ ಸುಳ್ಳು ಅಲಾರಂ ಬರುತ್ತದೆ. ಆಗ ಆ ಝೋನನ್ನೇ ಡಿಸೇಬಲ್ ಮಾಡಿ ಬಿಡಬೇಡಿ, ದಯವಿಟ್ಟು. ಡಬ್ಬಿ ಬಿಚ್ಚಿ ಒಣಗಿಸಿ, ವಯರ್ ಒಳಗೆ ಹೋಗುವ ಕಡೆಯ ಗ್ಲ್ಯಾಂಡ್ ಬಿಗಿ ಮಾಡಿಸಿ, ಡಿಟೆಕ್ಟರ್ ಕ್ಲೀನ್ ಮಾಡಿಸಿ. ನಾವು ವರ್ಷಕ್ಕೆ ಎರಡು ಸಲ ಪೂರ್ತಿ ಟೆಸ್ಟ್ ಇಟ್ಟುಕೊಂಡಿದ್ದೇವೆ. ಒಂದು ಏಪ್ರಿಲ್ 14ರ ಅಗ್ನಿಶಾಮಕ ಸೇವಾ ದಿನದ ಹೊತ್ತಿಗೆ, ಮಳೆಗೆ ಮುಂಚೆ. ಇನ್ನೊಂದು ಅಕ್ಟೋಬರಿನಲ್ಲಿ.

ಟೆಸ್ಟ್‌ಗೆ ಅಂತ ಡಿಸೇಬಲ್ ಮಾಡಿದ್ದನ್ನು ವಾಪಸ್ ಆನ್ ಮಾಡಿದ್ದಾರಾ, ಪೈಂಟಿಂಗ್ ಸಮಯದಲ್ಲಿ ಡಿಟೆಕ್ಟರಿಗೆ ಹಾಕಿದ ಪ್ಲಾಸ್ಟಿಕ್ ಟೊಪ್ಪಿಯನ್ನು ತೆಗೆದಿದ್ದಾರಾ ಅಂತ ಒಂದೊಂದಾಗಿ ನೋಡಿ. ತಾರೀಕು, ಸಿಕ್ಕಿದ ತೊಂದರೆ ಎಲ್ಲ ರಿಜಿಸ್ಟರಿನಲ್ಲಿ ಬರೆಯಿರಿ. ಪ್ಯಾನೆಲ್‌ನ ಹಳದಿ ದೀಪಗಳೆಲ್ಲ ಆರಿ ಹಸಿರು ಒಂದೇ ಉಳಿಯುವ ತನಕ ಟೆಕ್ನಿಷಿಯನ್ನಿನ ಬಿಲ್ಲಿಗೆ ಸಹಿ ಹಾಕಬೇಡಿ.