ಗುಂಪಿನ ಕಾದಂಬರಿ ಹಿಡಿಸದಿದ್ದರೆ

ನಮ್ಮ ಓದುಗರ ಗುಂಪಿನಲ್ಲಿ ಈ ಸಲ ಓದುತ್ತಿರುವ ‘ಮಲೆಗಳಲ್ಲಿ ಮದುಮಗಳು’ ಮುಂದಕ್ಕೆ ಸಾಗುತ್ತಿಲ್ಲ ಅಂತ ಕೆಲವರು ಹೇಳಿದ್ದೀರಿ. ಕುವೆಂಪು ಅವರ ಈ ಕಾದಂಬರಿ 1967ರಲ್ಲಿ ಬಂದದ್ದು. ಇದಕ್ಕೆ ಒಬ್ಬನೇ ನಾಯಕ ಇಲ್ಲ. ಹೀರೋ ಯಾರು ಅಂತ ಹುಡುಕುತ್ತಾ ಹೋದರೆ ಸುಸ್ತಾಗುತ್ತದೆ, ಅಷ್ಟೆ.

ಒಂದು ಚೀಟಿಯಲ್ಲಿ ಜೋಡಿಗಳನ್ನು ಬರೆದಿಟ್ಟುಕೊಳ್ಳಿ: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಹೊಸ ಹೆಸರು ಬಂದಾಗ ಯಾವ ಮನೆಯವರು ಅಂತ ಪಕ್ಕದಲ್ಲೇ ಸೇರಿಸಿ. ಪುಟದ ಗುರುತಿಗೂ ಅದೇ ಚೀಟಿ ಸಾಕು.

ಮೆಟ್ರೋದಲ್ಲಿ ಮೆಜೆಸ್ಟಿಕ್ ಬರುವುದರೊಳಗೆ ಎರಡು ಪುಟ ಅನ್ನುವ ಓದು ಇದಕ್ಕೆ ಒಗ್ಗುವುದಿಲ್ಲ. ಭಾನುವಾರ ಬೆಳಿಗ್ಗೆ ಫೋನ್ ಆಚೆ ಇಟ್ಟು ಒಂದು ಗಂಟೆ ಕೂರಿ. ಮಾತುಕತೆ ಬಂದ ಕಡೆ ಜೋರಾಗಿ ಓದಿ. ಮಲೆನಾಡಿನ ಆಡುಮಾತು ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ. (ಮನೆಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.) ಕಾಡಿನ ವರ್ಣನೆ ಜಾಸ್ತಿ ಆಯಿತು ಅನಿಸಿದರೆ ಹಾರಿಸಿ, ಯಾರೂ ಪರೀಕ್ಷೆ ಇಟ್ಟಿಲ್ಲ ಅಲ್ವಾ?

ಇಲ್ಲೇ ಬೆಂಗಳೂರಿನ ಕಲಾಗ್ರಾಮದಲ್ಲಿ ಇದನ್ನು ರಾತ್ರಿಯಿಡೀ ನಾಟಕವಾಗಿ ಆಡಿದ್ದರು. ನೋಡಿದವರು ನಮ್ಮಲ್ಲಿದ್ದರೆ ಮೊದಲು ಅವರಿಂದ ಕಥೆ ಕೇಳಿಕೊಳ್ಳಿ. ಕಥೆ ಗೊತ್ತಾದರೆ ಕೆಡುವ ಪುಸ್ತಕ ಇದಲ್ಲ.

ಆದರೂ ಹಿಡಿಸಲಿಲ್ಲವಾ? ಮುಗಿಸದೇ ಬನ್ನಿ. ಯಾವ ಪುಟದಲ್ಲಿ ಬೇಜಾರಾಯಿತು ಅಂತ ಗುರುತು ಮಾಡಿಕೊಂಡು ಬನ್ನಿ, ಅಲ್ಲಿಂದಲೇ ಚರ್ಚೆ ಶುರು ಮಾಡೋಣ.