ಜೆಸಪ್ ಅಣಕು ನ್ಯಾಯಾಲಯ ಸ್ಪರ್ಧೆಗೆ ನಾವು ಸಿದ್ಧರಾದ ಬಗೆ

ಜೆಸಪ್ ಎಂಬುದು ಕಾನೂನು ವಿದ್ಯಾರ್ಥಿಗಳು ಅಂತಾರಾಷ್ಟ್ರೀಯ ಕಾನೂನಿನ ಮೊಕದ್ದಮೆಯೊಂದನ್ನು ವಾದಿಸುವ ಸ್ಪರ್ಧೆ. ಅದರ ಮೊಕದ್ದಮೆ ಎರಡು ಕಾಲ್ಪನಿಕ ರಾಷ್ಟ್ರಗಳ ನಡುವಿನ ವಿಶೇಷ ಒಪ್ಪಂದದ ರೂಪದಲ್ಲಿ ಕೈಗೆ ಬರುತ್ತದೆ. ತಮ್ಮ ವಿವಾದವನ್ನು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸುವುದಾಗಿ ಎರಡೂ ರಾಷ್ಟ್ರಗಳು ಅದರಲ್ಲಿ ಸಮ್ಮತಿಸಿರುತ್ತವೆ, ಘಟನೆಗಳ ವಿವರವನ್ನೂ ಜೊತೆಯಾಗಿಯೇ ಒಪ್ಪಿಕೊಂಡಿರುತ್ತವೆ. ಹೊಸ ಸಂಗತಿಯನ್ನು ಸೇರಿಸುವ ಸ್ವಾತಂತ್ರ್ಯ ಯಾವ ತಂಡಕ್ಕೂ ಇಲ್ಲ. ಆದ್ದರಿಂದ ನಾವು ಮೊದಲಿಗೆ ಕಾನೂನಿನ ಪುಸ್ತಕಗಳನ್ನು ಮುಟ್ಟಲಿಲ್ಲ. ಒಪ್ಪಂದದ ಪ್ರತಿಯೊಂದು ಪ್ಯಾರಾವನ್ನೂ ದಿನಾಂಕಗಳ ಅನುಕ್ರಮದಲ್ಲಿ ಬೇರೆಯಾಗಿ ಬರೆದುಕೊಂಡು, ಅದು ಅರ್ಜಿದಾರ ರಾಷ್ಟ್ರಕ್ಕೆ ಅನುಕೂಲವೋ, ಪ್ರತಿವಾದಿ ರಾಷ್ಟ್ರಕ್ಕೆ ಅನುಕೂಲವೋ, ಅಥವಾ ಎರಡು ಕಡೆಗೂ ಎಳೆಯಬಹುದಾದದ್ದೋ ಎಂದು ಗುರುತು ಮಾಡಿದೆವು. ಎರಡು ಕಡೆಗೂ ಎಳೆಯಬಹುದಾದ ಪ್ಯಾರಾಗಳನ್ನೇ ಪೀಠ ಕೆದಕುತ್ತದೆ ಎಂಬುದು ಮುಂದಿನ ಸುತ್ತುಗಳಲ್ಲಿ ಖಚಿತವಾಯಿತು.

ಎರಡೂ ರಾಷ್ಟ್ರಗಳ ಪರವಾಗಿ ಮೆಮೋರಿಯಲ್, ಅಂದರೆ ಲಿಖಿತ ವಾದ, ಬರೆಯಬೇಕೆಂಬುದು ಈ ಸ್ಪರ್ಧೆಯ ನಿಯಮ. ಕೆಲವು ತಂಡಗಳು ಇಬ್ಬರನ್ನು ಅರ್ಜಿದಾರರ ಕಡೆಗೂ ಇಬ್ಬರನ್ನು ಪ್ರತಿವಾದಿಯ ಕಡೆಗೂ ಕೊನೆಯವರೆಗೆ ನಿಲ್ಲಿಸಿಬಿಡುತ್ತವೆ. ನಾವು ಹಾಗೆ ಮಾಡದೆ ಕೆಲಸವನ್ನು ವಿಷಯವಾರು ಹಂಚಿಕೊಂಡೆವು. ಒಂದು ವಿಷಯವನ್ನು ವಹಿಸಿಕೊಂಡವರು ಅದರ ಎರಡೂ ಪಕ್ಷದ ವಾದವನ್ನು ತಾವೇ ಬರೆಯಬೇಕಾಗಿತ್ತು. ಎದುರು ಪಕ್ಷದ ಅತ್ಯಂತ ಬಲವಾದ ವಾದವನ್ನು ಸ್ವತಃ ಕಟ್ಟಿದವರಿಗೆ ಮಾತ್ರ ತಮ್ಮ ವಾದ ಎಲ್ಲಿ ತೆಳುವಾಗಿದೆ ಎಂಬುದು ಗೊತ್ತಿರುತ್ತದೆ ಎಂದು ನಾನು ಇಂದಿಗೂ ನಂಬಿದ್ದೇನೆ.

ಬರೆಯುವಾಗ ನಮ್ಮ ಮುಂದೆ ಸದಾ ಇದ್ದದ್ದು ಅಂತಾರಾಷ್ಟ್ರೀಯ ನ್ಯಾಯಾಲಯದ ಸಂವಿಧಿಯ 38ನೇ ವಿಧಿ. ನ್ಯಾಯಾಲಯವು ಒಪ್ಪಂದಗಳನ್ನು, ರೂಢಿಗತ ಕಾನೂನನ್ನು ಮತ್ತು ಕಾನೂನಿನ ಸಾಮಾನ್ಯ ತತ್ತ್ವಗಳನ್ನು ಅನ್ವಯಿಸುತ್ತದೆ, ತೀರ್ಪುಗಳು ಮತ್ತು ವಿದ್ವಾಂಸರ ಬರಹಗಳು ಕೇವಲ ಪೂರಕ ಸಾಧನಗಳು ಎಂದು ಅದು ಹೇಳುತ್ತದೆ. ಮೆಮೋರಿಯಲ್‌ನಲ್ಲಿ ‘ರಾಷ್ಟ್ರವು ಹೀಗೆ ಮಾಡತಕ್ಕದ್ದು’ ಎಂಬ ವಾಕ್ಯ ಬಂದಲ್ಲೆಲ್ಲ ಆ ಬಾಧ್ಯತೆ ಯಾವ ಮೂಲದಿಂದ ಹುಟ್ಟಿತು ಎಂದು ತಂಡದ ಉಳಿದವರು ಕೇಳುತ್ತಿದ್ದರು. ಉತ್ತರ ಸಿಗದ ವಾಕ್ಯವನ್ನು, ಅದು ಎಷ್ಟೇ ಚೆನ್ನಾಗಿ ಕೇಳಿಸಲಿ, ತೆಗೆದುಹಾಕುತ್ತಿದ್ದೆವು.

ಹೆಚ್ಚಿನ ಶ್ರಮ ಹಿಡಿದದ್ದು ರೂಢಿಗತ ಕಾನೂನನ್ನು ಸಾಬೀತುಪಡಿಸುವ ಕೆಲಸ. ಇಲ್ಲಿ 1969ರ ನಾರ್ತ್ ಸೀ ಕಾಂಟಿನೆಂಟಲ್ ಶೆಲ್ಫ್ ತೀರ್ಪನ್ನು ಸಾರಾಂಶದಲ್ಲಿ ಓದಿದರೆ ಏನೂ ಪ್ರಯೋಜನವಿಲ್ಲ. ಡೆನ್ಮಾರ್ಕ್ ಮತ್ತು ನೆದರ್‌ಲ್ಯಾಂಡ್ಸ್ ಸಮುದ್ರತಳದ ಗಡಿಯನ್ನು ಎರಡೂ ಕರಾವಳಿಗಳಿಂದ ಸಮಾನ ದೂರದಲ್ಲಿ ಎಳೆಯಬೇಕೆಂಬ ಸಮದೂರದ ನಿಯಮವನ್ನು ಮುಂದಿಟ್ಟಿದ್ದವು. 1958ರ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿಯೂ ಅದನ್ನು ಅನುಮೋದಿಸದ ಪಶ್ಚಿಮ ಜರ್ಮನಿಗೆ ಆ ನಿಯಮ ರೂಢಿಯ ಮೂಲಕವಾದರೂ ಅನ್ವಯಿಸುತ್ತದೆ ಎಂಬುದು ಅವುಗಳ ವಾದವಾಗಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ರಾಷ್ಟ್ರಗಳ ಆಚರಣೆ ವ್ಯಾಪಕವಾಗಿ, ಬಹುಮಟ್ಟಿಗೆ ಏಕರೂಪವಾಗಿ ಇರಬೇಕು, ವಿಶೇಷವಾಗಿ ಬಾಧಿತವಾದ ರಾಷ್ಟ್ರಗಳ ಆಚರಣೆಯೂ ಅದರಲ್ಲಿ ಸೇರಿರಬೇಕು, ಅಲ್ಲದೆ ಅದು ಕಾನೂನಿನ ಬಾಧ್ಯತೆ ಎಂಬ ನಂಬಿಕೆಯಿಂದ ನಡೆದಿರಬೇಕು ಎಂದು ಅದು ಹೇಳಿತು. ಈ ಕೊನೆಯದೇ ಓಪಿನಿಯೋ ಯೂರಿಸ್. ರೂಢಿಯನ್ನು ಆಧಾರವಾಗಿಟ್ಟ ಪ್ರತಿಯೊಂದು ವಾದಕ್ಕೂ ನಾವು ಎರಡು ಕಾಲಂಗಳ ಪಟ್ಟಿ ಮಾಡಿದೆವು: ಒಂದರಲ್ಲಿ ರಾಷ್ಟ್ರಗಳು ಮಾಡಿದ್ದು, ಇನ್ನೊಂದರಲ್ಲಿ ಹಾಗೆ ಮಾಡುವಾಗ ಅವು ಹೇಳಿದ್ದು. ಎರಡನೆಯ ಕಾಲಂ ಸುಲಭವಾಗಿ ತುಂಬುವುದಿಲ್ಲ, ನಿಜವಾದ ಸಂಶೋಧನೆ ಇರುವುದು ಅಲ್ಲಿಯೇ.

ಮೌಖಿಕ ಸುತ್ತಿನಲ್ಲಿ ತಂಡಕ್ಕೆ ಒಟ್ಟು 45 ನಿಮಿಷ, ವಾದಿಸುವವರು ಇಬ್ಬರು. ತಂಡವನ್ನು ವಿಶ್ವವಿದ್ಯಾಲಯದ ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುತ್ತಾರೆ. ಇದು ನನಗೆ ಬಹಳ ಇಷ್ಟವಾದ ವ್ಯವಸ್ಥೆ. ಸಿದ್ಧಪಡಿಸಿದ ಭಾಷಣವನ್ನು ಪೂರ್ತಿ ಹೇಳಲು ಪೀಠ ಬಿಡುವುದೇ ಇಲ್ಲ. ಹಾಗಾಗಿ ನಮ್ಮ ಅಭ್ಯಾಸವೆಲ್ಲ ಪ್ರಶ್ನೆಗಳ ಸುತ್ತ ನಡೆಯಿತು. ನಮ್ಮ ಕ್ರಮ ಹೀಗಿತ್ತು: ಮೊದಲ ವಾಕ್ಯದಲ್ಲೇ ಹೌದು ಅಥವಾ ಅಲ್ಲ, ಅನಂತರ ಕಾರಣ, ಅನಂತರ ಆಧಾರ, ಆಮೇಲೆ ಬಿಟ್ಟಲ್ಲಿಗೆ ಮರಳುವುದು. ಉದಾಹರಣೆಗೆ, ‘ನೀವು ಹೇಳುವ ನಿಯಮವನ್ನು ಹಲವು ರಾಷ್ಟ್ರಗಳು ಮುರಿದಿವೆಯಲ್ಲ, ಅದು ರೂಢಿ ಹೇಗಾದೀತು?’ ಎಂದು ಪೀಠ ಕೇಳುತ್ತದೆ. ‘ಆದರೂ ಅದು ರೂಢಿಯೇ, ಯುವರ್ ಎಕ್ಸಲೆನ್ಸಿ. 1986ರ ನಿಕರಾಗುವಾ ತೀರ್ಪಿನ 186ನೇ ಪ್ಯಾರಾದಲ್ಲಿ ನ್ಯಾಯಾಲಯವು ಪರಿಪೂರ್ಣ ಏಕರೂಪತೆಯನ್ನು ಕೇಳಿಲ್ಲ. ನಿಯಮಕ್ಕೆ ವಿರುದ್ಧವಾದ ನಡತೆಯನ್ನು ಸಾಮಾನ್ಯವಾಗಿ ನಿಯಮದ ಉಲ್ಲಂಘನೆಯೆಂದು ಪರಿಗಣಿಸಿದ್ದರೆ ಸಾಕು’ ಎಂಬ ಉತ್ತರ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಅದರ ಬೆನ್ನಿಗೇ ‘ಸಂವಿಧಿಯ 59ನೇ ವಿಧಿಯ ಪ್ರಕಾರ ಆ ತೀರ್ಪು ಅದರ ಪಕ್ಷಕಾರರಿಗೆ ಮಾತ್ರ ಅನ್ವಯ, ನಮ್ಮನ್ನೇಕೆ ಕಟ್ಟಬೇಕು?’ ಎಂಬ ಪ್ರಶ್ನೆ ಬರಬಹುದು. ಕಟ್ಟುವುದಿಲ್ಲ ಎಂದು ನೇರವಾಗಿ ಒಪ್ಪಿಕೊಂಡು, ಹಿಂದಿನ ತರ್ಕವನ್ನು ಅನುಸರಿಸದಿರಲು ಕಾರಣವಿದೆಯೇ ಎಂಬುದೇ ನಿಜವಾದ ಪ್ರಶ್ನೆ ಎಂದು 1998ರಲ್ಲಿ ಕ್ಯಾಮರೂನ್ ಮತ್ತು ನೈಜೀರಿಯಾ ಪ್ರಕರಣದ ಪ್ರಾಥಮಿಕ ಆಕ್ಷೇಪಣೆಗಳ ತೀರ್ಪಿನಲ್ಲಿ ನ್ಯಾಯಾಲಯವೇ ಹೇಳಿದ್ದನ್ನು ತೋರಿಸಬೇಕು. ಒಪ್ಪಬೇಕಾದದ್ದನ್ನು ತಕ್ಷಣ ಒಪ್ಪಿದಾಗ ಪೀಠದ ಮುಖಭಾವ ಬದಲಾಗುವುದನ್ನು ನಾನು ಎದುರಿನಿಂದಲೇ ಕಂಡಿದ್ದೇನೆ. ವಿಶ್ವಾಸ ಹುಟ್ಟುವುದು ಅಂಥ ಕ್ಷಣದಲ್ಲಿ.

ಪ್ರತ್ಯುತ್ತರಕ್ಕೆ ಕಾದಿರಿಸಿದ ಸಮಯವನ್ನು ಹೇಗೆ ಬಳಸಬೇಕು ಎಂಬುದರ ಬಗ್ಗೆ ತಂಡದಲ್ಲಿ ಸಾಕಷ್ಟು ವಾದವಿವಾದ ನಡೆಯಿತು. ಎದುರಾಳಿ ಹೇಳಿದ ಎಲ್ಲದಕ್ಕೂ ಉತ್ತರಿಸಲು ಹೋದರೆ ಯಾವುದೂ ಪೀಠದ ಮನಸ್ಸಿನಲ್ಲಿ ನಿಲ್ಲದು ಎಂಬುದು ನನ್ನ ಪಕ್ಷವಾಗಿತ್ತು. ಕೊನೆಗೆ, ಪ್ರತಿವಾದಿ ಮಾತನಾಡುತ್ತಿರುವಾಗ ಮೇಜಿನಲ್ಲಿ ಕುಳಿತವರು ಒಂದೊಂದು ಅಂಶವನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದಿಡುವುದು, ಎದ್ದು ನಿಲ್ಲುವ ಮುನ್ನ ಅವುಗಳಲ್ಲಿ ಎರಡನ್ನು ಮಾತ್ರ ಆರಿಸುವುದು ಎಂದು ತೀರ್ಮಾನಿಸಿದೆವು. ಆ ಎರಡರಲ್ಲಿ ಒಂದು, ಪೀಠವೇ ಪ್ರಶ್ನೆ ಕೇಳಿ ಎದುರಾಳಿಯಿಂದ ಸಮರ್ಪಕ ಉತ್ತರ ಪಡೆಯದ ಅಂಶವಾಗಿರಬೇಕಿತ್ತು. ಇನ್ನೊಂದು, ವಿಶೇಷ ಒಪ್ಪಂದದ ಯಾವುದಾದರೂ ಪ್ಯಾರಾವನ್ನು ಎದುರಾಳಿ ತಿರುಚಿ ಹೇಳಿದ್ದರೆ ಅದು. ಅದಕ್ಕೆ ಪ್ಯಾರಾ ಸಂಖ್ಯೆಯನ್ನು ಹೇಳಿ, ಅಲ್ಲಿರುವ ಪದಗಳನ್ನೇ ಓದಿ, ಕುಳಿತುಬಿಡುತ್ತಿದ್ದೆವು.